ಅವ್ವ ಸೆರಗು ಇಳಿಸುವ ತನಕ

ನಮ್ಮಪ್ಪ ಹೇಳುತ್ತಿದ್ದ ಯುದ್ಧದ ಕತೆಗಳಲ್ಲಿ ಒಬ್ಬನೂ ಸಾಯುತ್ತಿರಲಿಲ್ಲ. ಬಸ್ರಾದಲ್ಲಿ ಒಂಟೆಯೊಂದು ಅವನ ಪೇಟವನ್ನು ಅರ್ಧ ತಿಂದು ಅರ್ಧ ವಾಪಸು ಕೊಟ್ಟಿದ್ದು, ಬಿಳಿ ದೊರೆಯ ಬೂಟಿನೊಳಗೆ ಚೇಳು ಹೊಕ್ಕು ಆ ದೊರೆ ಒಂಟಿಕಾಲಿನಲ್ಲೇ ಕವಾಯತು ಮಾಡಿಸಿದ್ದು, ರಾಗಿಹಿಟ್ಟು ಸಿಗದೆ ನಮ್ಮ ಕಡೆಯ ಹುಡುಗರು ಗೋಧಿಹಿಟ್ಟಿನಲ್ಲಿ ಮುದ್ದೆ ತೊಳಸಿ, ಅದು ಹಲ್ಲಿಗೆ ಅಂಟಿಕೊಂಡು ಸಾಯಂಕಾಲದವರೆಗೆ ಯಾರೂ ಬಾಯಿ ಬಿಡಲಾಗದೆ ಇದ್ದದ್ದು. ಇಂಥವೇ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೊಡ್ಡ ಯುದ್ಧ ಅಂದರೆ ನೆಂಟರ ಮದುವೆಗೆ ಹೋಗಿಬಂದ ಹಾಗೆ ಏನೋ ಅಂತಲೇ ನಾನು ಎಷ್ಟೋ ವರ್ಷ ತಿಳಿದಿದ್ದೆ.

ಅವನ ಕಿವಿ ಹಾಳಾದದ್ದು ಆ ಯುದ್ಧದಲ್ಲೇ. ಅದನ್ನು ಮಾತ್ರ ಅವನು ಮನೆಯ ಹೊರಗೆ ಕತೆ ಮಾಡಲಿಲ್ಲ. ಗೊತ್ತಿದ್ದದ್ದು ಅಪ್ಪನಿಗೆ, ಅವ್ವನಿಗೆ, ನನಗೆ ಅಷ್ಟೆ. ಒಂದು ಕಿವಿ ಬಸ್ರಾದಲ್ಲೇ ಉಳಿದುಕೊಂಡಿತು, ಇನ್ನೊಂದು ಹಡಗಿನಲ್ಲಿ ಬರುವಾಗ ನಿದ್ದೆ ಹೋಯಿತು, ಇನ್ನೂ ಎದ್ದಿಲ್ಲ ಎಂದು ಒಲೆ ಮುಂದೆ ಕೂತು ಅವನು ಹೇಳಿದರೆ, ಅವ್ವ ನಗುವ ಮೊದಲು ಬಾಗಿಲ ಕಡೆ ನೋಡುತ್ತಿದ್ದಳು. ಹಾದಿಯಲ್ಲಿ ಯಾರಾದರೂ ಇದ್ದರೆ ಗತಿಯೇನು ಎಂಬ ಹೆದರಿಕೆ ಅವಳಿಗೆ.

ಹೆದರಿಕೆಗೆ ಕಾರಣವಿತ್ತು. ಅಪ್ಪನ ಕಸುಬು ಬಾವಿಗೆ ಮದ್ದು ಹಾಕುವುದು. ಧರ್ಮಪುರಿ ಕಡೆಯ ನೆಲ ಗೊತ್ತಲ್ಲ, ಎರಡಾಳು ಮಣ್ಣು ತೆಗೆದರೆ ಕೆಳಗೆ ಬರೀ ಬಂಡೆ. ಬಂಡೆಗೆ ಉಳಿ ಸುತ್ತಿಗೆಯಲ್ಲಿ ಕುಳಿ ಹೊಡೆದು, ಮದ್ದು ತುಂಬಿ, ಬತ್ತಿ ಇಟ್ಟು, ಮೇಲೆ ಜೇಡಿಮಣ್ಣು ಜಡಿದು ಸಿಡಿಸಬೇಕು. ಪಲ್ಟನ್ನಿನಲ್ಲಿ ಅಪ್ಪ ಕಲಿತು ಬಂದಿದ್ದು ಇದೊಂದೇ. ಊರೂರಿನಿಂದ ಕರೆ ಬರುತ್ತಿತ್ತು. ನಾವು ಮನೆಯಲ್ಲಿ ಆಡುವುದು ಕನ್ನಡ, ಸಂತೆಗೆ ಹೋದರೆ ತಮಿಳು. ಅಪ್ಪನನ್ನು ಮಾತ್ರ ಕನ್ನಡದವರೂ ತಮಿಳಿನಲ್ಲೇ ಪಟ್ಟಾಳತ್ತಾರ್ ಅನ್ನುತ್ತಿದ್ದರು, ದಂಡಿನವನು ಅಂತ.

ಮದ್ದಿನ ಕೆಲಸದಲ್ಲಿ ಕೈಗಿಂತ ಕಿವಿ ಮುಖ್ಯ. ಬತ್ತಿಗಳನ್ನು ಒಂದೇ ಉದ್ದಕ್ಕೆ ಕತ್ತರಿಸುವಂತಿಲ್ಲ. ಕುಳಿಗಳು ಒಂದಾದ ಮೇಲೊಂದು ಸಿಡಿಯಬೇಕು, ಎಣಿಸಲು ಸಿಗಬೇಕು. ಹೊತ್ತಿಸಿದ್ದು ಏಳು, ಸಿಡಿದದ್ದು ಆರು ಅಂದರೆ ಒಂದು ಕುಳಿ ಒಳಗೇ ಕೂತಿದೆ ಅಂತ. ಆಗ ಬಾವಿಗೆ ಇಳಿದವನ ಕತೆ ಮುಗಿಯಿತು. ಅದಕ್ಕೇ ವೀಳ್ಯ ಕೊಡುವ ಮೊದಲು ಬಾವಿ ಯಜಮಾನರು ಕೇಳುವುದೇ ಕಿವಿ ಹೇಗಿದೆ ಅಂತ. ಅಪ್ಪ ಅವರ ತುಟಿ ನೋಡಿಕೊಂಡು, ನಿಮ್ಮ ಮನೆಯಲ್ಲಿ ಇವತ್ತು ಏನು ಒಗ್ಗರಣೆ ಅಂತ ಇಲ್ಲಿಂದಲೇ ಕೇಳಿಸುತ್ತದೆ ಅನ್ನುತ್ತಿದ್ದ. ಅವರು ನಗುತ್ತಾ ವೀಳ್ಯ ಕೊಡುತ್ತಿದ್ದರು.

ತುಟಿ ಓದುವುದರಲ್ಲಿ ಅವನು ಪಳಗಿದ್ದ. ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು, ಅದು ಪಲ್ಟನ್ನಿನ ರೂಲು ಎಂದು ಎಲ್ಲರಿಗೂ ಹೇಳಿಟ್ಟಿದ್ದ. ಮತ್ತೆ ಬಿಡುವಿಲ್ಲದೆ ತಾನೇ ಮಾತಾಡುತ್ತಿದ್ದ. ಅವನು ಹುಟ್ಟಾ ಮಾತುಗಾರನೋ, ಇಲ್ಲ ಬೇರೆಯವರಿಗೆ ಮಾತಾಡಲು ಜಾಗವೇ ಸಿಗಬಾರದು ಅಂತ ಹಾಗಾದನೋ ನನಗೆ ಗೊತ್ತಿಲ್ಲ. ನಾನು ಪದ ಹಾಡಿದರೆ ನನ್ನ ಗಂಟಲಿನ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಒಂದು ಸಾಲು ತಪ್ಪಿಸಿದರೆ ಬೆರಳಿಗೇ ತಿಳಿಯುತ್ತಿತ್ತು ಮುಂಡೇದಕ್ಕೆ!

ಆದರೆ ಬಾವಿಗೆ ತುಟಿ ಎಲ್ಲಿದೆ? ಸಿಡಿದಾಗ ನೆಲ ನಡುಗುವುದು ಅವನಿಗೂ ತಿಳಿಯುತ್ತಿತ್ತು. ಬಂಡೆ ಉರುಳಿ ಬಿದ್ದರೂ ನೆಲ ನಡುಗುತ್ತದೆ, ಅದನ್ನು ನಂಬಿ ಇಳಿಯಲಾಗದು. ಎಣಿಸುತ್ತಿದ್ದವಳು ಅವ್ವ. ಯಾವ ಊರಿನ ಬಾವಿಯಾದರೂ ಅವ್ವ ಜೊತೆಗೆ ಹೋಗುತ್ತಿದ್ದಳು, ಅವಳ ಬೆನ್ನಿಗೆ ನಾನು. ಬಾವಿಯಿಂದ ದೂರದಲ್ಲಿ, ಅಪ್ಪ ಅವಿತುಕೊಂಡ ಬದುವಿಗೆ ಕಾಣುವ ಹಾಗೆ, ತಲೆ ಮೇಲೆ ಸೆರಗು ಹೊದ್ದು ನಿಲ್ಲುತ್ತಿದ್ದಳು. ಎಲ್ಲ ಕುಳಿ ಸಿಡಿದವು ಅಂದರೆ ಸೆರಗನ್ನು ಹೆಗಲಿಗೆ ಇಳಿಸುವಳು. ಒಂದು ಬಾಕಿ ಇದ್ದರೂ ಸೆರಗು ತಲೆ ಮೇಲೇ. ಅವಳು ಸೆರಗು ಇಳಿಸುವ ತನಕ ಅಪ್ಪ ಬದು ಬಿಟ್ಟು ಏಳುತ್ತಿರಲಿಲ್ಲ, ಯಾರನ್ನೂ ಏಳಲು ಬಿಡುತ್ತಿರಲಿಲ್ಲ.

ಮದ್ದಿನವನು ಕೆಲಸದ ಜಾಗಕ್ಕೆ ಹೆಂಡತಿಯನ್ನು ಯಾಕೆ ಕಟ್ಟಿಕೊಂಡು ಬರುತ್ತಾನೆ ಅಂತ ಜನ ಕೇಳದೆ ಇರುತ್ತಾರಾ. ಅದಕ್ಕೂ ಅಪ್ಪನ ಹತ್ತಿರ ತಮಾಷೆ ತಯಾರಿತ್ತು. ಯುದ್ಧದಲ್ಲಿ ವರ್ಷಗಟ್ಟಲೆ ಅವಳ ಮುಖ ನೋಡದೆ ಇದ್ದೆ, ಆ ಬಾಕಿ ಇನ್ನೂ ತೀರಿಲ್ಲ, ಅವಳನ್ನು ನೋಡದಿದ್ದರೆ ಗಂಟಲಲ್ಲಿ ಗಂಜಿ ಇಳಿಯುವುದಿಲ್ಲ ಅನ್ನುತ್ತಿದ್ದ. ಬದುವಿನ ಹಿಂದೆ ಮಲಗಿ ಅವ್ವನನ್ನೇ ನೋಡುತ್ತಿದ್ದ ಅವನನ್ನು ಕಂಡು ಎಲ್ಲರೂ 'ಪೊಂಡಾಟ್ಟಿ ದಾಸ' ಅಂತ ಆಡಿಕೊಳ್ಳುತ್ತಿದ್ದರು, ಹೆಂಡತಿಯ ಗುಲಾಮ ಅಂತ. ಅಪ್ಪ ಕೈಮುಗಿದು ಹೌದು ಸ್ವಾಮಿ ಅನ್ನುತ್ತಿದ್ದ. ಅವ್ವನಿಗೆ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು ಎಂದು ನನಗೆ ಗೊತ್ತು. ಆದರೂ ಅವಳು ಕಣ್ಣು ಮಿಟುಕಿಸದೆ ನಿಂತು ಎಣಿಸುತ್ತಿದ್ದಳು.

ತಿಂಗಳಲ್ಲಿ ಕೆಲವು ದಿನ ಮಾತ್ರ ಅವಳು ಬರುವಂತಿರಲಿಲ್ಲ. ಹೊರಗಾದ ಹೆಂಗಸು ಬಾವಿಯ ಹತ್ತಿರ ಸುಳಿಯಬಾರದು, ಅದರಲ್ಲೂ ತೋಡುತ್ತಿರುವ ಬಾವಿಗೆ ಅವಳ ನೆರಳೂ ಬೀಳಬಾರದು. ಬಿದ್ದರೆ ಗಂಗಮ್ಮ ಮುನಿದು ಒರತೆ ಬತ್ತಿಸಿಬಿಡುತ್ತಾಳೆ ಎಂದು ನಮ್ಮವರು ಎದೆಯ ಆಳದಿಂದ ನಂಬಿದ್ದರು. ಅವ್ವನೂ ನಂಬಿದ್ದಳು. ಆ ದಿನಗಳಲ್ಲಿ ಅವಳು ಹಟ್ಟಿಯ ಆಚೆ ಗುಡಿಸಲಲ್ಲಿ ಕೂರುತ್ತಿದ್ದಳು, ಅಪ್ಪ ಬಾವಿಯಲ್ಲಿ ಬರೀ ಕುಳಿ ಹೊಡೆಸುತ್ತಿದ್ದ. ಮದ್ದು ಮುಟ್ಟುತ್ತಿರಲಿಲ್ಲ. ಕೇಳಿದರೆ ಹೊಟ್ಟೆನೋವು, ಇಲ್ಲವೇ ಪಲ್ಟನ್ ಪಂಚಾಂಗದಲ್ಲಿ ಇವತ್ತು ಬೆಂಕಿಗೆ ರಜೆ ಅನ್ನುತ್ತಿದ್ದ.

ಆ ವರ್ಷ ಬೇಸಿಗೆ ಕೊನೆಗೆ ಪಾಪಿರೆಡ್ಡಿಪಟ್ಟಿ ಕಡೆಯ ಒಬ್ಬ ಗೌಡರ ಬಾವಿ. ಮೆಟ್ಟೂರಿನಲ್ಲಿ ಕಾವೇರಿಗೆ ಅಣೆ ಕಟ್ಟಿ ಮುಗಿದಿದ್ದು ಆಗಿನ್ನೂ ಹೊಸ ಸುದ್ದಿ. ಅಷ್ಟು ನೀರು ನಿಲ್ಲಿಸಿದ್ದಾರಂತೆ, ನಮಗೆ ಒಂದು ಬಾವಿ ನೀರು ಬರುವುದಿಲ್ಲವಾ ಎಂದು ಗೌಡರು ದಿನಾ ಗೊಣಗುತ್ತಿದ್ದರು. ಗೌಡರು ಕೆಟ್ಟವರಲ್ಲ, ಅವಸರದವರು. ಕೆಟ್ಟವನು ಅವರ ಬಾಮೈದ. ಅಕ್ಕನ ಮನೆಯಲ್ಲೇ ಬಿದ್ದಿದ್ದುಕೊಂಡು ಎಲ್ಲದಕ್ಕೂ ತನ್ನದೊಂದು ಮಾತು ಸೇರಿಸುವವನು. ಅಪ್ಪ ನಗಿಸಿದರೆ ಎಲ್ಲರೂ ನಗುತ್ತಿದ್ದರು, ಇವನೊಬ್ಬ ನಗುತ್ತಿರಲಿಲ್ಲ. ಜನ ತನ್ನ ಮಾತಿಗಿಂತ ಕೂಲಿಗೆ ಬಂದವನ ಮಾತನ್ನು ಕೇಳುತ್ತಾರಲ್ಲ ಎಂಬ ಹೊಟ್ಟೆಯುರಿ.

ಬಂಡೆಯಲ್ಲಿ ತೇವ ಕಂಡಿತ್ತು. ಇನ್ನೊಂದು ಸಲ ಸಿಡಿಸಿದರೆ ಒರತೆ ಒಡೆಯುತ್ತದೆ ಎಂದು ಅಪ್ಪ ಹೇಳಿದ್ದ. ಗೌಡರು ಒಳ್ಳೆಯ ದಿನ ನೋಡಿ, ಗಂಗಮ್ಮನಿಗೆ ಕಾಯಿ ಒಡೆದು, ನೆಂಟರನ್ನೆಲ್ಲ ಕರೆಸಿದ್ದರು. ಬೆಳಿಗ್ಗೆಯಿಂದ ಅಪ್ಪ ಕೆಳಗಿದ್ದ. ಏಳು ಕುಳಿಗೆ ಮದ್ದು ತುಂಬಿ ಜಡಿದಾಗಿತ್ತು, ಬತ್ತಿ ನಿಂತಿದ್ದವು. ಆಗ ಅವ್ವ ನನ್ನನ್ನು ಹುಣಸೆಮರದ ಹಿಂದಕ್ಕೆ ಕರೆದಳು. ಅವಳ ಮುಖ ಬೂದಿಯಾಗಿತ್ತು. ದಿನಕ್ಕೆ ಮುಂಚೆಯೇ ಅವಳು ಹೊರಗಾಗಿದ್ದಳು.

ಓಡಿಹೋಗಿ ಅಪ್ಪನಿಗೆ ಹೇಳು ಅಂದಳು. ಅಪ್ಪ ಮೇಲೆ ಬಂದು ಬೀಡಿ ಹಚ್ಚಿದ್ದ, ಅದರ ಕೆಂಡದಿಂದಲೇ ಅವನು ಬತ್ತಿ ಹೊತ್ತಿಸುವುದು. ನಾನು ಅವನ ಎದುರು ನಿಂತು ದನಿ ಇಲ್ಲದೆ ಬಾಯಿ ಆಡಿಸಿದೆ. ಅವನ ನಗು ಅಲ್ಲಿಗೇ ನಿಂತಿತು. ಕೂಡಲೇ ಗೌಡರ ಕಡೆ ತಿರುಗಿ, ನಾಳೆ ಮಾಡಿದರೆ ಹೇಗೆ, ಗಾಳಿ ಯಾಕೋ ಸರಿಯಿಲ್ಲ ಅಂದ. ಗೌಡರಿಗೆ ಸಿಟ್ಟು ಬಂತು. ಪೂಜೆ ಆಗಿದೆ, ಜನ ಬಂದಿದ್ದಾರೆ, ಮದ್ದು ತುಂಬಿದ ಕುಳಿ ಬಿಟ್ಟು ಹೋಗುತ್ತೀಯಾ, ಒರತೆ ತೇವಕ್ಕೆ ಮದ್ದು ನೆನೆದರೆ ಯಾರು ಹೊಣೆ ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪಟ್ಟಾಳತ್ತಾರಿಗೆ ಇವತ್ತು ಪುಕ್ಕಲು ಎಂದು ಬಾಮೈದ ಜನರ ಕಡೆ ತಿರುಗಿ ಹೇಳಿದ.

ಅಪ್ಪ ದೂರದಿಂದಲೇ ಅವ್ವನಿಗೆ ಕೈ ಬೀಸಿದ, ನೀನು ಹೋಗು, ನಾನು ನೋಡಿಕೊಳ್ಳುತ್ತೇನೆ ಅಂತ. ಏನು ನೋಡಿಕೊಳ್ಳುತ್ತಾನೆ? ನಾನು ಚಿಕ್ಕವಳು, ಗುಡ್ಡದ ಮರುಸದ್ದಿಗೆ ಲೆಕ್ಕ ತಪ್ಪುತ್ತಿದ್ದೆ, ನನ್ನ ಎಣಿಕೆ ನಂಬಿ ಇಳಿಯುವಂತಿರಲಿಲ್ಲ. ಅವ್ವ ಹೋಗಲಿಲ್ಲ. ಸೀರೆಯನ್ನು ಬಿಗಿಯಾಗಿ ಸುತ್ತಿಕೊಂಡು, ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಎಂದಿನ ಹಾಗೆ ಬದುವಿಗೆ ಕಾಣುವಂತೆ ಬಂದು ನಿಂತಳು. ಬೇಡ ಕಣವ್ವಾ ಎಂದು ನಾನು ಅವಳ ಕೈ ಜಗ್ಗಿದೆ.

"ಬಾವಿ ಮೈಲಿಗೆ ಆದ್ರೆ ತೊಳೀಬೋದು ಕೂಸೇ," ಅಂದಳು.

ಅಪ್ಪ ಅವಳನ್ನು ಒಂದು ಗಳಿಗೆ ನೋಡಿದ, ಆಮೇಲೆ ಬಾವಿಗೆ ಇಳಿದ. ಇಳಿಯುವಾಗ ಏನೋ ತಮಾಷೆ ಮಾಡಿದ, ಜನ ನಕ್ಕರು, ಏನು ಅಂತ ನನಗೆ ನೆನಪಿಲ್ಲ. ಬತ್ತಿ ಹೊತ್ತಿಸಿ ಮೆಟ್ಟಿಲು ಹತ್ತಿ ಓಡಿಬಂದು, ಮದ್ದು ಸಿಡಿಯುತ್ತದೆ ಅಂತ ತಮಿಳಿನಲ್ಲಿ ವೆಡಿ ವೆಡಿ ಎಂದು ಕೂಗಿ ಬದುವಿನ ಹಿಂದೆ ಬಿದ್ದುಕೊಂಡ. ಮೊದಲನೆಯದು ಸಿಡಿಯಿತು. ಅವ್ವನ ತುಟಿ ಅಲುಗುವುದನ್ನು ನಾನು ನೋಡುತ್ತಿದ್ದೆ. ಹೊಗೆ ಮೇಲೆ ಬಂತು, ಕಲ್ಲುಚೂರು ಹುಣಸೆಮರಕ್ಕೆ ಬಡಿದವು, ಪಕ್ಕದ ಗುಡ್ಡ ಒಂದೊಂದು ಸದ್ದನ್ನೂ ತಿರುಗಿ ಕೊಡುತ್ತಿತ್ತು. ಆರನೆಯದು ಆಯಿತು. ಗುಡ್ಡ ಅದನ್ನೂ ತಿರುಗಿ ಕೊಟ್ಟಿತು. ಆಮೇಲೆ ಏನೂ ಇಲ್ಲ. ಅವ್ವ ಹಾಗೇ ನಿಂತಿದ್ದಳು. ಸೆರಗು ಇಳಿಯಲಿಲ್ಲ.

ಜನ ಎದ್ದು ಸೀರೆ ಪಂಚೆ ಕೊಡವಿಕೊಂಡು ಬಾವಿಯ ಕಡೆ ಹೊರಟರು. ಒರತೆ ನೋಡುವ ಆಸೆ ಎಲ್ಲರಿಗೂ. ಎಲ್ಲರಿಗಿಂತ ಮುಂದೆ ಬಾಮೈದ. ಅಪ್ಪ ಬದುವಿನಿಂದ ಚಿಮ್ಮಿ ಓಡಿಹೋಗಿ, ಮೆಟ್ಟಿಲ ಬಾಯಲ್ಲಿ ಅವನ ತೋಳು ಹಿಡಿದುಕೊಂಡ. ಒಂದು ಬಾಕಿ ಐತೆ, ಯಾರೂ ಇಳಿಯಕೂಡದು ಅಂದ. ಏಳೂ ಆಗಿದೆ, ನಾನೇ ಎಣಿಸಿದೆ ಅಂದ ಬಾಮೈದ. ಅವನು ಏಳನೆಯದು ಅಂತ ಎಣಿಸಿದ್ದು ಆರನೆಯದಕ್ಕೆ ಗುಡ್ಡ ತಿರುಗಿ ಕೊಟ್ಟ ಸದ್ದನ್ನು. ಆರು ಅಂದವರೂ ಇದ್ದರು, ಏಳು ಅಂದವರೂ ಇದ್ದರು. ನನ್ನ ಕಿವಿಗಿಂತ ನಿನ್ನದು ಹೆಚ್ಚಾ ಎಂದು ಬಾಮೈದ ಕೈ ಕೊಸರಿದ. ಅಪ್ಪ ಬಿಡಲಿಲ್ಲ. ಅವನ ಮುಖದಲ್ಲಿ ನಗು ಇರಲಿಲ್ಲ, ಅಂಥ ಮುಖವನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಇಬ್ಬರೂ ಬಾವಿಯ ಅಂಚಿನಲ್ಲಿ ಎಳೆದಾಡುತ್ತಿದ್ದರು, ಕೆಳಗೆ ಹೊಗೆಯಲ್ಲಿ ಆ ಕುಳಿ ಕೂತಿತ್ತು.

ಅಷ್ಟರಲ್ಲಿ ಗೌಡರ ತಾಯಿ, ವಯಸ್ಸಾದವಳು, ಕೋಲು ಊರಿಕೊಂಡು ಅವ್ವನ ಹಿಂದಿನಿಂದ ಬಂದಳು. ಅವ್ವನ ಸೀರೆಯ ಮೇಲೆ ಅವಳ ಕಣ್ಣು ಬಿತ್ತು. ಕೋಲು ಕೈಯಿಂದ ಜಾರಿತು.

"ಈ ಎಣ್ಣು ಒರಗಾಗವ್ಳೆ," ಅಂದಳು. ಕೂಗಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. ಅಪ್ಪನ ಹೊರತು.

ಆಮೇಲೆ ಆದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಜನ ಅವ್ವನನ್ನು ಬಿಟ್ಟು ದೂರ ಸರಿದರು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಪೂಜೆ ಕೆಟ್ಟಿತು, ಗಂಗಮ್ಮ ಮುನಿದಳು, ಕುಳಿ ಸತ್ತಿದ್ದು ಇವಳಿಂದಲೇ ಅಂದರು. ಕುಳಿ ಸಿಡಿದಿಲ್ಲ ಎಂಬುದನ್ನು ಈಗ ಎಲ್ಲರೂ ಒಪ್ಪಿದರು ನೋಡಿ, ಬಾಮೈದನೂ ಒಪ್ಪಿದ! ಅಪ್ಪ ಒಬ್ಬೊಬ್ಬರ ಬಾಯನ್ನೂ ನೋಡುತ್ತಿದ್ದ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಅವನಿಗೆ ಒಂದೂ ಸಿಗುತ್ತಿರಲಿಲ್ಲ. ಕೊನೆಗೆ ನನ್ನ ಕಡೆ ನೋಡಿದ. ನಾನು ಅಳುತ್ತಾ ಬಾಯಿ ಆಡಿಸಿ ಹೇಳಿದೆ. ಅವನು ಬಾಮೈದನ ತೋಳು ಬಿಟ್ಟ.

ಗೌಡರು ಅಪ್ಪನ ಎದುರಿಗೇ ಬಂದು ಕೇಳಿದರು, ಗೊತ್ತಿದ್ದೂ ಅವಳನ್ನು ಯಾಕೆ ಇಲ್ಲಿ ನಿಲ್ಲಿಸಿದೆ ಅಂತ. ಅಪ್ಪ ಬಾಯಿ ತೆರೆಯುವ ಮೊದಲೇ ಬಾಮೈದ ಉತ್ತರ ಕೊಟ್ಟ: ಇವನಿಗೆ ಒಂದು ದಿನವೂ ಹೆಂಡತಿ ಮುಖ ನೋಡದೆ ಇರೋಕಾಗಲ್ಲವಲ್ಲ, ಇಂಥ ದಿನವೂ ಬಿಡಲಿಲ್ಲ, ಅವಳಿಗೂ ನಾಚಿಕೆ ಇಲ್ಲ. ಜನ ನಕ್ಕರು. ಅಪ್ಪ ಇಷ್ಟು ವರ್ಷ ನಗಿಸಿದ ಅದೇ ಮಾತಿಗೆ ನಕ್ಕರು. ಅವ್ವ ತಲೆ ತಗ್ಗಿಸಿ ನಿಂತಿದ್ದಳು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು, ನನ್ನ ಗಂಡನಿಗೆ ಕಿವಿ ಕೇಳುವುದಿಲ್ಲ, ಅದಕ್ಕೆ ನಿಂತೆ ಅಂತ. ಅವಳು ಹೇಳುವವಳಲ್ಲ. ಹೇಳಿದರೆ ಮತ್ತೆ ಯಾವ ಬಾವಿಗೂ ಅವನನ್ನು ಕರೆಯುವುದಿಲ್ಲ. ಹೇಳದಿದ್ದರೆ, ಮಾನಗೆಟ್ಟವಳು ಎಂಬ ಹೆಸರು ಹೊತ್ತು ಅವಳು ಸುತ್ತಲಿನ ಹಟ್ಟಿಗಳಲ್ಲಿ ಬದುಕಬೇಕು. ಅವಳು ಎರಡನೆಯದನ್ನೇ ಆರಿಸಿಕೊಂಡಿದ್ದಳು ಎಂದು ಅವಳ ನಿಲುವು ನೋಡಿದರೇ ತಿಳಿಯುತ್ತಿತ್ತು.

ಅಪ್ಪ ಜನರ ಮಧ್ಯೆ ಬಂದು ನಿಂತ.

"ನಂಗೆ ಕಿವಿ ಕೇಳಾಕಿಲ್ಲ ಗೌಡ್ರೇ. ಎರಡೂ ಓಗೈತೆ. ಎಣಿಸೋಳು ಅವಳೇ. ಅವಳು ನಿಲ್ನಿಲ್ಲ ಅಂದಿದ್ರೆ ಈ ಒತ್ತಿಗೆ ನಾನೋ ನಿಮ್ ಬಾಮೈದನೋ ಬಾವಿ ಒಳಗೆ ಚೂರಾಗಿ ಬಿದ್ದಿರ್ತಿದ್ವಿ."

ಇದಕ್ಕೆ ಜನ ಇನ್ನೂ ಜೋರಾಗಿ ನಕ್ಕರು. ಅವನು ದಿನಾ ಹೇಳುತ್ತಿದ್ದ ಸುಳ್ಳುಗಳ ಸಾಲಿಗೆ ಇದೂ ಒಂದು ಅಂದುಕೊಂಡರು. ಒಗ್ಗರಣೆ ಸದ್ದು ಕೇಳಿಸುತ್ತದೆ ಅಂದವನಲ್ಲವೇ ನೀನು ಎಂದು ಗೌಡರೇ ಅಂದರು. ಹೆಂಡತಿಯನ್ನು ಉಳಿಸಿಕೊಳ್ಳಲು ಕಿವುಡನ ಆಟ ಆಡುತ್ತಿದ್ದಾನೆ ಅಂದ ಬಾಮೈದ. ಅಪ್ಪ ಅದನ್ನೂ ಅವನ ತುಟಿಯಲ್ಲಿ ಓದಿಕೊಂಡ.

"ನಾನು ತಿರುಗಿ ನಿಂತ್ಕತೀನಿ. ಇಂದೆ ನಿಂತು ಏನ್ ಬೇಕಾದ್ರೂ ಅನ್ನಿ. ನಾನು ತಿರುಗಿದ್ರೆ ಸುಳ್ಳ ಅನ್ನಿ."

ಹೇಳಿ, ಅವರಿಗೆ ಬೆನ್ನು ಮಾಡಿ ನಿಂತ. ಎದುರಿಗೆ ಅವ್ವ ಮತ್ತು ನಾನು. ಗೌಡರು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಪಟ್ಟಾಳತ್ತಾರ್ ಎಂದು ಕರೆದರು. ಅಪ್ಪ ಅಲುಗಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಅಲುಗಲಿಲ್ಲ. ಅದೇನು ದೊಡ್ಡದು, ತಡೆದುಕೊಂಡಿದ್ದಾನೆ ಅಂದ ಬಾಮೈದ. ಅಪ್ಪನ ಬೆನ್ನಿಗೆ ಒಂದು ಮಾರು ದೂರದಲ್ಲಿ ಬಂದು ನಿಂತು, ಮೊದಲು ಅಪ್ಪನನ್ನು ಬೈದ. ಹೆಂಗಸಿನ ಸೀರೆಯೊಳಗೆ ಅವಿತುಕೊಳ್ಳುವ ನಾಯಿ ಅಂದ. ಅಪ್ಪ ನಮ್ಮನ್ನು ನೋಡುತ್ತಾ ನಿಂತಿದ್ದ. ಆಗ ಅವನು ಅವ್ವನ ಬಗ್ಗೆ ಶುರುಮಾಡಿದ. ಗಂಡ ಯುದ್ಧಕ್ಕೆ ಹೋಗಿದ್ದ ವರ್ಷಗಳಲ್ಲಿ ಅವಳು ಏನು ಮಾಡುತ್ತಿದ್ದಳು, ಯಾರ ಯಾರ ಹತ್ತಿರ ಹೋಗುತ್ತಿದ್ದಳು ಅಂತ. ಅವನು ಆಡಿದ ಮಾತನ್ನು ನಾನು ಬರೆಯುವುದಿಲ್ಲ. ಅಷ್ಟು ಜನರ ಮುಂದೆ, ಅವಳ ಮಗಳ ಮುಂದೆ ಆಡಿದ. ಕಿವಿ ಇದ್ದ ಯಾವ ಗಂಡಸಾದರೂ ತಿರುಗಿ ಅವನ ಕತ್ತು ಹಿಡಿಯುತ್ತಿದ್ದ. ಗೌಡರೇ ತಡೆಯಲು ಎರಡು ಹೆಜ್ಜೆ ಮುಂದೆ ಬಂದರು.

ಅಪ್ಪ ನಗುತ್ತಾ ನಿಂತಿದ್ದ. ಸ್ವಲ್ಪ ಹೊತ್ತು ಕಾದು, ಬಿಸಿಲಿಗೆ ಹಣೆ ಒರೆಸಿಕೊಂಡು ಕೇಳಿದ:

"ಯಾಕ್ರಪ್ಪಾ, ಇನ್ನೂ ಸುರು ಮಾಡ್ನಿಲ್ವಾ?"

ಒಬ್ಬರೂ ನಗಲಿಲ್ಲ. ಬಾಮೈದನ ಬಾಯಿ ತೆರೆದಂತೇ ಇತ್ತು. ಗೌಡರ ತಾಯಿ ಬಗ್ಗಿ ಕೋಲು ಎತ್ತಿಕೊಂಡು, ಬಿಡ್ರೋ ಅವನ್ನ ಅಂದಳು. ಗೌಡರು ಅಪ್ಪನ ಮುಂದಕ್ಕೆ ಬಂದು, ಹೆಗಲ ಮೇಲಿನ ಟವಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಆಯಿತಾ ಎಂದು ಅಪ್ಪ ಅವರನ್ನು ಕೇಳಿದ. ಅವರು ತಲೆಯಾಡಿಸಿದರು. ಅವ್ವ ಇಷ್ಟು ಹೊತ್ತೂ ಸೆರಗನ್ನು ತಲೆಯಿಂದ ಇಳಿಸಿರಲಿಲ್ಲ, ಒಂದು ಕುಳಿ ಬಾಕಿ ಇತ್ತಲ್ಲ.

ಆ ಕುಳಿಯನ್ನು ಹಾಗೇ ಬಿಡುವಂತಿರಲಿಲ್ಲ. ಅಪ್ಪ ಹೇಳಿದ ಹಾಗೆ ಆ ಸಾಯಂಕಾಲವೆಲ್ಲ ಮೇಲಿನಿಂದ ಕೊಡಗಟ್ಟಲೆ ನೀರು ಸುರಿದರು. ಮಾರನೆಯ ದಿನ ಅವನು ಇಳಿದು ಮದ್ದು ಕೆರೆದು ತೆಗೆಯಬೇಕು. ಮೇಲೆ ಹಗ್ಗ ಹಿಡಿದು ನೋಡುತ್ತಿರುವವರು ಬೇಕು, ಕಲ್ಲು ಜಾರಿದರೆ ಜಗ್ಗಿ ತಿಳಿಸಲು. ಅವಳು ಹಿಡಿದರೆ ಇಳಿಯುತ್ತೇನೆ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಅಂದ ಅಪ್ಪ. ಬೇರೆ ಯಾರಿದ್ದಾರೆ? ಆ ರಾತ್ರಿ ಅವ್ವನನ್ನು ಕೂರಿಸಿದ್ದ ಊರಾಚೆಯ ಗುಡಿಸಲಿಗೆ ಬೆಳಿಗ್ಗೆ ಗೌಡರ ತಾಯಿ ತಾನೇ ಬಂದಳು. ದೂರದಲ್ಲೇ ನಿಂತು ಕರೆದಳು.

"ಬಾ ಮಗಾ. ನಿನ್ ಗಂಡ ಬಾವಿಗೆ ಇಳೀತಾವ್ನೆ."

ಅವ್ವ ಎದ್ದು ಹೋಗಿ ಹಗ್ಗ ಹಿಡಿದಳು. ಅಂಚಿನಲ್ಲಿ ಅವಳೊಬ್ಬಳೇ, ಉಳಿದವರೆಲ್ಲ ಹುಣಸೆಮರದ ಆಚೆ. ನನ್ನನ್ನೂ ಹತ್ತಿರ ಬಿಡಲಿಲ್ಲ. ಮರದ ಕಡ್ಡಿಯಿಂದ ಜೇಡಿಮಣ್ಣು ಕೆರೆಯುವ ಸದ್ದು ಕೆಳಗಿನಿಂದ ಬರುತ್ತಿತ್ತು, ಆಗಾಗ ನಿಲ್ಲುತ್ತಿತ್ತು. ನಿಂತಾಗಲೆಲ್ಲ ನಾನು ಅವ್ವನ ಕೈಯ ಹಗ್ಗವನ್ನು ನೋಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಅಪ್ಪನ ತಲೆ ಕಂಡಿತು. ಎರಡು ಕೈ ತುಂಬ ಕಪ್ಪಗೆ ನೆನೆದ ಮದ್ದು. ಅದನ್ನು ತಂದು ಬಾಮೈದನ ಕಾಲ ಬಳಿ ಹಾಕಿ, ತಗೋ, ನೀನು ಎಣಿಸಿದ ಏಳನೆಯದು ಅಂದ. ಅವ್ವ ಆಗ ಸೆರಗನ್ನು ಹೆಗಲಿಗೆ ಇಳಿಸಿದಳು. ಇಳಿಸಿದವಳು ಅಲ್ಲೇ ಕುಸಿದು ಕೂತಳು.

ಗೌಡರು ಅರಿಸಿನದ ನೀರು ಹಾಕಿಸಿ, ಮತ್ತೆ ಪೂಜೆ ಮಾಡಿಸಿ ಬಾವಿಯನ್ನು ಶುದ್ಧಿ ಮಾಡಿಸಿದರು. ಒರತೆಯೂ ಒಡೆಯಿತು, ಒಳ್ಳೆಯ ಸಿಹಿನೀರು. ಅಪ್ಪನನ್ನು ಮಾತ್ರ ಆಮೇಲೆ ಯಾರೂ ಬಾವಿಗೆ ಕರೆಯಲಿಲ್ಲ. ಅವ್ವ ಹೆದರಿದ ಹಾಗೇ ಆಯಿತು. ಕಿವುಡ ಮದ್ದಿನವನು ಎಂಬ ಸುದ್ದಿ ಧರ್ಮಪುರಿ ಸಂತೆಗೆ ನಮಗಿಂತ ಮೊದಲೇ ತಲುಪಿತ್ತು. ಅಪ್ಪ ಉಳಿ ಸುತ್ತಿಗೆಯನ್ನು ಅಟ್ಟಕ್ಕೆ ಎಸೆದು ನಾಲ್ಕು ಆಡು ಕಟ್ಟಿಕೊಂಡ. ಇವು ಬಹಳ ಒಳ್ಳೆಯವು, ಹಿಂದಿನಿಂದ ಮಾತಾಡುವುದಿಲ್ಲ ಅನ್ನುತ್ತಿದ್ದ. ಕಿವಿಯ ಬಗ್ಗೆ ಈಗ ಊರೆಲ್ಲ ಕೇಳುವ ಹಾಗೆ ತಮಾಷೆ ಮಾಡುತ್ತಿದ್ದ. ಅವ್ವನೂ ಈಗ ಬಾಗಿಲ ಕಡೆ ನೋಡದೆ ನಗುತ್ತಿದ್ದಳು.

ಒಂದು ಮಾತನ್ನು ಮಾತ್ರ ಅವನು ಆಗಾಗ ಕೆದಕುತ್ತಿದ್ದ. ಆವತ್ತು ನನ್ನ ಬೆನ್ನ ಹಿಂದೆ ಆ ಬಾಮೈದ ಏನಂದ? ಅವ್ವ, ಏನಂತಾನೆ, ಪೂಜಾರಿ ಹಾಗೆ ದೇವರ ಹೆಸರು ಹೇಳಿದ ಅನ್ನುತ್ತಿದ್ದಳು. ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು, ಸತ್ತರೂ ಅವನಿಗೆ ಹೇಳಕೂಡದು ಅಂತ. ಯುದ್ಧದ ಆ ವರ್ಷಗಳನ್ನು ಅವಳು ಹೇಗೆ ಕಳೆದಳು ಎಂದು ನಮ್ಮಜ್ಜಿ ನನಗೆ ಹೇಳಿದ್ದಳು. ಸಾಯಂಕಾಲವಾದರೆ ದಾರಿಗೆ ಬಂದು ನಿಲ್ಲುತ್ತಿದ್ದಳಂತೆ, ಅಷ್ಟೆ. ಅಂಥವಳ ಬಗ್ಗೆ ಅಂಥ ಮಾತು ಅಪ್ಪನ ಎದೆಗೆ ಹೋಗಬಾರದು ಅಂತ ಅವಳಿಗೆ.

ನನಗೆ ಮದುವೆಯಾಗಿ ಎಡಪ್ಪಾಡಿ ಕಡೆ ಹೋದ ಮೇಲೆ ಒಂದು ಸಲ ತವರಿಗೆ ಬಂದಿದ್ದೆ. ಅಪ್ಪ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ, ಅವ್ವ ಒಳಗೆ ಒಲೆ ಮುಂದೆ. ಮತ್ತೆ ಅದೇ ಕೇಳಿದ. ನಾನು ಅವ್ವ ಹೇಳಿಕೊಟ್ಟದ್ದನ್ನೇ ಹೇಳಿದೆ, ದೇವರ ಹೆಸರು ಅಂತ. ಅವನು ನನ್ನ ತುಟಿಯನ್ನು ಪೂರ್ತಿ ನೋಡಿ, ಕಡಲೆಕಾಯಿ ಪಕ್ಕಕ್ಕಿಟ್ಟ.

"ನೀನೂ ಅವಳ ಅಂಗೇ ಸುಳ್ಳಾಡ್ತೀಯಲ್ಲಾ ಕೂಸೇ. ಅವನೇನಂದ ಅಂತ ನಂಗೆ ಆವತ್ತೇ ತಿಳೀತು. ನಿಮ್ಮವ್ವ ನನ್ನ ಎದುರ್ಗೇ ನಿಂತಿದ್ಲು. ಅವಳ ಮೊಕ ನೋಡ್ದೆ. ನಂಗೆ ತಿಳೀನಿಲ್ಲ ಅಂತ ಅವಳು ನೆಮ್ಮದಿಯಾಗಿರ್ಲಿ ಅಂತ್ಲೇ ಕೇಳ್ತಾ ಬಂದೆ."

ನಾನು ಕಣ್ಣೊರೆಸಿಕೊಂಡೆ. ಮತ್ತೆ ಯಾಕೆ ನಗುತ್ತಾ ನಿಂತೆ ಎಂದು ಕೇಳಿದೆ.

"ತಿರುಗಿದ್ರೆ ಇವನಿಗೆ ಕಿವಿ ಐತೆ ಅನ್ನೋರು. ಅವಳ ಮಾನ ಓಗೋದು. ಅದಕ್ಕೇ ನಕ್ಕಂಡು ನಿಂತೆ," ಅಂದ. ಮಡಿಲ ಮೇಲಿನ ಸಿಪ್ಪೆ ಕೊಡವಿ, "ಬಸ್ರಾದಾಗೆ ನನ್ ಪಕ್ಕದ ಉಡುಗ್ರು ಸತ್ತಾಗ್ಲೂ ಅಷ್ಟು ಕಷ್ಟ ಆಗಿರ್ನಿಲ್ಲ," ಅಂದ.

ಬಸ್ರಾದಲ್ಲಿ ಯಾರಾದರೂ ಸತ್ತರು ಅಂತ ಅವನ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಅಷ್ಟರಲ್ಲಿ ಅವ್ವ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ನನ್ನ ಕಣ್ಣು ನೋಡಿ, ಅಪ್ಪ ಮಗಳು ಏನು ಮಾತಾಡುತ್ತಿದ್ದೀರಿ ಅಂದಳು. ಅಪ್ಪ ಕಡಲೆಕಾಯಿ ಮತ್ತೆ ಕೈಗೆ ತೆಗೆದುಕೊಂಡು, ಒಂಟೆ ಪೇಟ ತಿಂದ ಕತೆ ಹೇಳುತ್ತಿದ್ದೆ, ಕೂಸು ನಕ್ಕು ನಕ್ಕು ಅಳುತ್ತಾ ಇದೆ ಅಂದ.